ಕೆನಡಾದ ಪ್ರತಿಭಟನೆ ಮತ್ತು ವಿದೇಶಿ ಹಸ್ತಕ್ಷೇಪದ ಸುದ್ದಿಗಳನ್ನು ತೂಗಿ ನೋಡುವ ಬಗೆ

2024ರ ನವೆಂಬರ್ 3, ಭಾನುವಾರ. ಕೆನಡಾದ ಟೊರೊಂಟೊ ಬಳಿಯ ಬ್ರಾಂಪ್ಟನ್‌ನ ಗೋರ್ ರಸ್ತೆಯಲ್ಲಿರುವ ಹಿಂದೂ ಸಭಾ ದೇವಸ್ಥಾನದಲ್ಲಿ ಭಾರತೀಯ ಕಾನ್ಸುಲೇಟಿನ ಶಿಬಿರ ನಡೆಯುತ್ತಿತ್ತು. ಭಾರತದಿಂದ ಪಿಂಚಣಿ ಪಡೆಯುವ ಹಿರಿಯರು ತಾವು ಬದುಕಿದ್ದೇವೆಂದು ಪ್ರತಿ ನವೆಂಬರಿನಲ್ಲಿ ಬ್ಯಾಂಕಿಗೋ ಖಜಾನೆಗೋ ಸಲ್ಲಿಸಬೇಕಾದ ಜೀವಿತ ಪ್ರಮಾಣಪತ್ರವನ್ನು ಮಾಡಿಸಿಕೊಡುವುದೇ ಅಂಥ ಶಿಬಿರಗಳ ಮುಖ್ಯ ಕೆಲಸ. ಅಲ್ಲಿಗೆ ಖಾಲಿಸ್ತಾನದ ಪರ ಪ್ರತಿಭಟನಕಾರರು ಬಂದರು; ಮಾತಿಗೆ ಮಾತು ಬೆಳೆದು ಬಾವುಟದ ಕೋಲುಗಳೇ ಆಯುಧಗಳಾದವು. ಸಂಜೆಯಾಗುವಷ್ಟರಲ್ಲಿ ನನ್ನ ಫೋನಿಗೆ ಒಂದೇ ವಿಡಿಯೊ ಮೂರು ಬೇರೆ ಬೇರೆ ಒಕ್ಕಣೆಗಳೊಂದಿಗೆ ಬಂದಿತ್ತು. ಹಾಸನದಿಂದ ಅತ್ತಿಗೆ ಫೋನ್ ಮಾಡಿ, "ಅಲ್ಲಿ ದೇವಸ್ಥಾನಗಳನ್ನೆಲ್ಲ ಮುಚ್ಚಿಸಿದ್ರಂತೆ, ನೀವ್ಯಾರೂ ಹೊರಗೆ ಹೋಗ್ಬೇಡಿ" ಎಂದರು. ನಾನಿರುವ ಕಡೆ ದೇವಸ್ಥಾನ ತೆರೆದೇ ಇತ್ತು. ಆದರೆ ಅದನ್ನು ಅವರಿಗೆ ಮನವರಿಕೆ ಮಾಡಿಕೊಡಲು ಅರ್ಧ ಗಂಟೆ ಹಿಡಿಯಿತು.

ಕೆನಡಾಕ್ಕೆ ಹೊಸದಾಗಿ ಬಂದ ಕನ್ನಡಿಗರಿಗೂ ಇಲ್ಲಿ ಮಕ್ಕಳನ್ನಿಟ್ಟುಕೊಂಡು ಊರಿನಲ್ಲಿ ಕುಳಿತು ಟಿವಿ ನೋಡುವ ಹೆತ್ತವರಿಗೂ ಇಂಥ ಸುದ್ದಿ ಬಂದಾಗ ಅದನ್ನು ಹೇಗೆ ಬಿಡಿಸಿ ನೋಡಬೇಕು, ತಮ್ಮ ಕಾಲಬುಡಕ್ಕೇ ಬಂದಾಗ ಏನು ಮಾಡಬೇಕು ಎಂಬುದನ್ನು ಹೇಳುವುದಷ್ಟೇ ಈ ಬರಹದ ಉದ್ದೇಶ. ಯಾರ ಪಕ್ಷ ಸರಿ ಎಂಬ ತೀರ್ಪು ಇಲ್ಲಿಲ್ಲ. ನಾನು ಬಳಸುವ ಅಳತೆಗೋಲು ಒಂದೇ: ಬಾವುಟ ಯಾರದೆಂದು ಕೇಳುವ ಮೊದಲು ನಡೆದ ಕೃತ್ಯ ಏನೆಂದು ಕೇಳುವುದು. ಕೆನಡಾದ ಕಾನೂನು ಕೂಡ ಬಹುಮಟ್ಟಿಗೆ ಇದೇ ಕ್ರಮದಲ್ಲಿ ಯೋಚಿಸುತ್ತದೆ.

ಮೊದಲು, ಮೌಲ್ಯ ಮತ್ತು ಕಾನೂನುಗಳನ್ನು ಬೇರ್ಪಡಿಸಿಕೊಳ್ಳಿ

ಪ್ರತಿಭಟನೆಯ ಮರುದಿನ ಯಾರಾದರೊಬ್ಬ ರಾಜಕಾರಣಿ "ಇದು ಕೆನಡಾದ ಮೌಲ್ಯಗಳಿಗೆ ವಿರುದ್ಧ" ಎಂದು ಹೇಳಿಯೇ ಹೇಳುತ್ತಾರೆ. ಆ ಮಾತನ್ನು ಬೈಗುಳವೆಂದು ತಿಳಿಯಬಹುದೇ ಹೊರತು ತೀರ್ಪೆಂದು ತಿಳಿಯಬಾರದು. ಮೌಲ್ಯಗಳ ಪಟ್ಟಿಯೊಂದನ್ನು ಮಾಡಿ, ಅದಕ್ಕೆ ತಲೆಬಾಗದವರನ್ನು ಶಿಕ್ಷಿಸುವ ಕಾನೂನು ಕೆನಡಾದಲ್ಲಿಲ್ಲ. ಇರುವುದು 1982ರ ಹಕ್ಕು ಮತ್ತು ಸ್ವಾತಂತ್ರ್ಯಗಳ ಸನ್ನದು. ಪಿಯರೆ ಟ್ರುಡೊ 1971ರಲ್ಲಿ ಸಂಸತ್ತಿನಲ್ಲಿ ಪ್ರಕಟಿಸಿದ ಬಹುಸಂಸ್ಕೃತಿ ನೀತಿ. 1988ರಲ್ಲಿ ಅದಕ್ಕೆ ಕಾಯ್ದೆಯ ರೂಪ ಕೊಟ್ಟ ಬಹುಸಂಸ್ಕೃತಿ ಕಾಯ್ದೆ. ವಲಸೆ ಬರುವವರನ್ನು 'ಕೆನಡಾದ ಮೌಲ್ಯ'ಗಳ ಜರಡಿಯಲ್ಲಿ ಸೋಸಬೇಕೆಂದು ಕೆಲ್ಲಿ ಲೀಚ್ ಅವರು 2017ರ ಕನ್ಸರ್ವೇಟಿವ್ ನಾಯಕತ್ವದ ಸ್ಪರ್ಧೆಯಲ್ಲಿ ಪ್ರಚಾರ ಮಾಡಿ ಸೋತರು. ಇನ್ನೊಂದೆಡೆ ಕ್ವಿಬೆಕ್ ಪ್ರಾಂತ್ಯವು 2019ರಲ್ಲಿ 21ನೇ ಮಸೂದೆಯ ಮೂಲಕ ಶಿಕ್ಷಕರು, ಪೊಲೀಸರು, ನ್ಯಾಯಾಧೀಶರು ಮುಂತಾದವರು ಕೆಲಸದ ವೇಳೆಯಲ್ಲಿ ಧಾರ್ಮಿಕ ಚಿಹ್ನೆ ಧರಿಸುವುದನ್ನು ನಿಷೇಧಿಸಿತು. ನ್ಯಾಯಾಲಯಗಳು ಅಡ್ಡಬರದಿರಲೆಂದು ಸನ್ನದಿನ 33ನೇ ವಿಧಿಯನ್ನೂ ಬಳಸಿಕೊಂಡಿತು. ಟೊರೊಂಟೊದಲ್ಲಿ ಪೇಟ ಧರಿಸಿ ಪಾಠ ಹೇಳುವ ಶಿಕ್ಷಕ ಮಾಂಟ್ರಿಯಲ್‌ನ ಸರ್ಕಾರಿ ಶಾಲೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಲಾರ. ಒಂದೇ ದೇಶದೊಳಗೆ 'ರಾಷ್ಟ್ರೀಯ ಮೌಲ್ಯ' ಇಷ್ಟು ಬೇರೆಯಾಗಿರುವಾಗ, ಆ ಪದ ಕಿವಿಗೆ ಬಿದ್ದೊಡನೆ "ಯಾವ ಕಲಮು?" ಎಂದು ಕೇಳುವ ಅಭ್ಯಾಸ ಒಳ್ಳೆಯದು.

ಪ್ರತಿಭಟನೆಯಲ್ಲಿ ಮಾತು ಎಲ್ಲಿ ಮುಗಿದು ಕೃತ್ಯ ಎಲ್ಲಿ ಶುರುವಾಯಿತೆಂದು ನೋಡಿ

ಸನ್ನದಿನ 2ನೇ ವಿಧಿಯು ಅಭಿವ್ಯಕ್ತಿ ಮತ್ತು ಶಾಂತಿಯುತ ಸಭೆಯ ಸ್ವಾತಂತ್ರ್ಯವನ್ನು 'ಪ್ರತಿಯೊಬ್ಬರಿಗೂ' ಕೊಡುತ್ತದೆ. ಮತದಾನದ ಹಕ್ಕನ್ನು ಕೊಡುವ 3ನೇ ವಿಧಿಯಾದರೋ 'ಪ್ರಜೆ' ಎಂಬ ಪದವನ್ನು ಬಳಸುತ್ತದೆ. ಎಂದರೆ ನಿನ್ನೆ ಟೊರೊಂಟೊದ ಪಿಯರ್ಸನ್ ವಿಮಾನ ನಿಲ್ದಾಣದಲ್ಲಿ ಇಳಿದ ವಿದ್ಯಾರ್ಥಿಗೂ ಫಲಕ ಹಿಡಿದು ನಿಲ್ಲುವ ಹಕ್ಕಿದೆ. ಈ ಹಕ್ಕು ಅಪಾರವೇನಲ್ಲ. ಸ್ವತಂತ್ರ ಸಮಾಜದಲ್ಲಿ ಸಮರ್ಥಿಸಿಕೊಳ್ಳಬಹುದಾದ ಮಿತಿಗಳನ್ನು ಕಾನೂನು ಹೇರಬಹುದೆಂದು 1ನೇ ವಿಧಿ ಹೇಳುತ್ತದೆ. ಆ ಮಿತಿಯನ್ನು ಅಳೆಯುವ ವಿಧಾನವನ್ನು ಸುಪ್ರೀಂ ಕೋರ್ಟ್ 1986ರ ಓಕ್ಸ್ ಪ್ರಕರಣದಲ್ಲಿ ಹಾಕಿಕೊಟ್ಟಿತು.

ನಮ್ಮ ಕಡೆಯವರಿಗೆ ಜೀರ್ಣವಾಗದ ಸಂಗತಿ ಇಲ್ಲಿಯೇ ಇದೆ. ಭಾರತವನ್ನು ಒಡೆದು ಬೇರೆ ದೇಶ ಮಾಡಬೇಕೆಂದು ಕೂಗುವುದು, ಅದಕ್ಕಾಗಿ ತಮ್ಮಷ್ಟಕ್ಕೆ 'ಜನಮತ' ನಡೆಸಿಕೊಳ್ಳುವುದು ಕೆನಡಾದಲ್ಲಿ ಅಪರಾಧವಲ್ಲ. ಕ್ವಿಬೆಕ್ ಪ್ರತ್ಯೇಕವಾಗಬೇಕೆಂಬ ಪಕ್ಷಕ್ಕೆ ತನ್ನದೇ ಸಂಸತ್ತಿನಲ್ಲಿ ಸ್ಥಾನ ಕೊಟ್ಟ ದೇಶ ಅದನ್ನು ಅಪರಾಧ ಎನ್ನಲಾರದು. 2023ರ ಜೂನ್‌ನಲ್ಲಿ ಬ್ರಾಂಪ್ಟನ್‌ನ ಮೆರವಣಿಗೆಯೊಂದರಲ್ಲಿ ಇಂದಿರಾ ಗಾಂಧಿಯವರ ಹತ್ಯೆಯನ್ನು ಸ್ತಬ್ಧಚಿತ್ರವಾಗಿ ತಂದದ್ದನ್ನು ಕಂಡಾಗ ನನಗೆ ಹೇಸಿಗೆಯಾಯಿತು; ಭಾರತದ ವಿದೇಶಾಂಗ ಸಚಿವ ಜೈಶಂಕರ್ ಬಹಿರಂಗವಾಗಿಯೇ ಖಂಡಿಸಿದರು. ಆದರೂ ಹೇಸಿಗೆ ಬರಿಸುವುದು ಒಂದು, ದ್ವೇಷ ಪ್ರಚೋದನೆಯ ಅಪರಾಧ ಇನ್ನೊಂದು. ಅಪರಾಧ ಸಂಹಿತೆಯ 319ನೇ ಕಲಮು ಗುರುತಿಸಬಹುದಾದ ಜನಗುಂಪಿನ ವಿರುದ್ಧ ಶಾಂತಿಭಂಗವಾಗುವಂತೆ ದ್ವೇಷ ಕೆರಳಿಸುವುದನ್ನೂ ಬುದ್ಧಿಪೂರ್ವಕವಾಗಿ ದ್ವೇಷ ಹರಡುವುದನ್ನೂ ಶಿಕ್ಷಿಸುತ್ತದೆ. ಎರಡನೆಯದಕ್ಕೆ ಮೊಕದ್ದಮೆ ಹೂಡಬೇಕಾದರೆ ಅಟಾರ್ನಿ ಜನರಲ್ ಅವರ ಒಪ್ಪಿಗೆ ಬೇಕು. ಸಲೀಸಾಗಿ ಬಳಸಲಾಗದಂತೆ ಉದ್ದೇಶಪೂರ್ವಕವಾಗಿಯೇ ಕಟ್ಟಿದ ಕಾನೂನು ಅದು.

ಮಾತಿನಿಂದ ಕೃತ್ಯಕ್ಕೆ ದಾಟುವ ಗೆರೆಗಳು ಇದಕ್ಕಿಂತ ಸ್ಪಷ್ಟ. ಹೊಡೆಯುವುದು, ಬೆದರಿಸುವುದು, ದಾರಿಯಲ್ಲಿ ಅಡ್ಡಗಟ್ಟಿ ಒಳಗೆ ಹೋಗಗೊಡದಿರುವುದು, ಆಸ್ತಿಗೆ ಹಾನಿ ಮಾಡುವುದು ಇವು ಅಪರಾಧಗಳು. ಪೂಜಾಕಾರ್ಯ ನಡೆಸುವವರನ್ನು ತಡೆಯುವುದಕ್ಕೆ 176ನೇ ಕಲಮು ಪ್ರತ್ಯೇಕವಾಗಿದೆ. ಕಾನೂನುಬಾಹಿರ ಕೂಟದಲ್ಲಿ ಮುಖ ಮುಚ್ಚಿಕೊಂಡಿದ್ದರೆ ಅದೇ ಇನ್ನೊಂದು ಅಪರಾಧ. ನವೆಂಬರ್ 3ರ ಘಟನೆಯನ್ನು ಈ ಗೆರೆಗಳ ಮೇಲೆ ಇಟ್ಟು ನೋಡಿ: ಕಾನ್ಸುಲೇಟ್ ಶಿಬಿರದ ವಿರುದ್ಧ ಹೊರಗೆ ನಿಂತು ಘೋಷಣೆ ಕೂಗಿದ್ದು ಹಕ್ಕು, ಕೋಲು ಬೀಸಿದ್ದು ಅಪರಾಧ. ಪ್ರತಿಯಾಗಿ ಸೇರಿದ ಜನಜಂಗುಳಿಗೂ ಇದೇ ಲೆಕ್ಕ. ಆ ಗುಂಪಿನ ಮುಂದೆ ಧ್ವನಿವರ್ಧಕ ಹಿಡಿದು ಗುರುದ್ವಾರಗಳ ಮೇಲೆ ಏರಿಹೋಗಲು ಪ್ರಚೋದಿಸಿದನೆಂದು ಬ್ರಾಂಪ್ಟನ್ ಸೇರಿರುವ ಪೀಲ್ ವಲಯದ ಪೊಲೀಸರು ಒಬ್ಬನ ಮೇಲೆ ದ್ವೇಷ ಪ್ರಚೋದನೆಯ ಆರೋಪ ಹೊರಿಸಿದರು. ನಮಗೆ ಬಂದ ವಿಡಿಯೊಗಳಲ್ಲಿ ಯಾವ ತುಣುಕು ಯಾವ ಗುಂಪಿನಲ್ಲಿ ಓಡಾಡಿತು ಎಂಬುದನ್ನು ಗಮನಿಸಿದರೆ, ಪ್ರತಿಯೊಬ್ಬರೂ ಅರ್ಧ ದಿನವನ್ನಷ್ಟೇ ಕಂಡಿದ್ದರು.

ಇದಾದ ಕೆಲವೇ ವಾರಗಳಲ್ಲಿ ಬ್ರಾಂಪ್ಟನ್ ನಗರಸಭೆ ಪೂಜಾಸ್ಥಳಗಳ 100 ಮೀಟರ್ ಒಳಗೆ ಉಪದ್ರವಕಾರಿ ಪ್ರದರ್ಶನಗಳನ್ನು ನಿಷೇಧಿಸುವ ಉಪವಿಧಿಯನ್ನು ಮಾಡಿತು. ಅದಕ್ಕೂ ಮೊದಲೇ ವಾನ್ ನಗರ ಅಂಥದನ್ನು ತಂದಿತ್ತು. ಟೊರೊಂಟೊ 2025ರಲ್ಲಿ 50 ಮೀಟರಿನ ಮಿತಿ ಹಾಕಿತು. ಊರಿಂದೂರಿಗೆ ಮೀಟರು ಬೇರೆ, ಯಾವ ಕಟ್ಟಡಗಳಿಗೆ ಅನ್ವಯವೆಂಬುದೂ ಬೇರೆ. ಆದ್ದರಿಂದ ಪ್ರತಿಭಟನೆಗೆ ಹೊರಡುವವರು ನಗರಸಭೆಯ ಜಾಲತಾಣದಲ್ಲಿ ತಮ್ಮ ಊರಿನ ಉಪವಿಧಿಯನ್ನು ಅಂದೇ ಓದಿಕೊಳ್ಳುವುದು ಕ್ಷೇಮ.

ಸ್ಟಡಿ ಪರ್ಮಿಟ್ ಅಥವಾ ವರ್ಕ್ ಪರ್ಮಿಟ್ ಮೇಲಿರುವವರಿಗೆ ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಹಕ್ಕು ಎಲ್ಲರಿಗೂ ಒಂದೇ ಆದರೂ ಶಿಕ್ಷೆಯ ಪರಿಣಾಮ ಒಂದೇ ಅಲ್ಲ. ವಲಸೆ ಕಾಯ್ದೆಯ 36ನೇ ವಿಧಿಯ ಪ್ರಕಾರ, ಪ್ರಜೆಗೆ ದಂಡದಲ್ಲಿ ಮುಗಿದುಹೋಗುವ ಆಸ್ತಿಹಾನಿಯಂಥ ಪ್ರಕರಣವೂ ತಾತ್ಕಾಲಿಕ ನಿವಾಸಿಗೆ ದೇಶದಲ್ಲಿರುವ ಅರ್ಹತೆಯನ್ನೇ ಕಸಿಯಬಹುದು. ಗುಂಪಿನಲ್ಲಿ ತಳ್ಳಾಟ ಶುರುವಾದ ಕ್ಷಣ ವಿಡಿಯೊ ಮಾಡುತ್ತ ನಿಲ್ಲದೆ ಹಿಂದೆ ಸರಿಯಿರಿ. ಪೊಲೀಸರು ಬಂಧಿಸಿದರೆ ಹೆಸರು ವಿಳಾಸ ಕೊಟ್ಟು, ವಕೀಲರೊಂದಿಗೆ ಮಾತನಾಡಬೇಕೆಂದು ಕೇಳಿ. ಆ ಹಕ್ಕು ಸನ್ನದಿನ 10ನೇ ವಿಧಿಯಲ್ಲಿದೆ. 'ಒಂದು ಪ್ಲೀ ಹಾಕಿ ಮುಗಿಸಿಬಿಡೋಣ' ಎಂದು ಯಾರಾದರೂ ಹೇಳಿದರೆ, ವಲಸೆ ಕಾನೂನು ಬಲ್ಲವರನ್ನು ಕೇಳದೆ ತಪ್ಪೊಪ್ಪಿಗೆಗೆ ಸಹಿ ಹಾಕಬೇಡಿ.

ಈ ಅಳತೆಗೋಲು ಬರೀ ನಮ್ಮ ಉಪಖಂಡದ ಜಗಳಗಳಿಗೆ ಮೀಸಲಲ್ಲ. 2022ರ ಜನವರಿ ಕೊನೆಯಲ್ಲಿ ಲಾರಿಗಳು ರಾಜಧಾನಿ ಒಟ್ಟಾವಾಕ್ಕೆ ನುಗ್ಗಿ ಸುಮಾರು ಮೂರು ವಾರ ಸಂಸತ್ತಿನ ಎದುರು ಬೀಡುಬಿಟ್ಟಾಗ, ಕೋವಿಡ್ ಲಸಿಕೆ ಕಡ್ಡಾಯವನ್ನು ವಿರೋಧಿಸುವುದು ಹಕ್ಕಾಗಿತ್ತು. ರಾತ್ರಿಯಿಡೀ ಏರ್‌ಹಾರ್ನ್ ಬಾರಿಸಿ ಜನವಸತಿಯ ನಿದ್ದೆ ಕೆಡಿಸುವುದು ಹಕ್ಕಲ್ಲವೆಂದು ಫೆಬ್ರವರಿ 7ರಂದು ನ್ಯಾಯಾಲಯ ಹಾರ್ನಿಗೆ ತಡೆಯಾಜ್ಞೆ ಕೊಟ್ಟಿತು. ಇಡೀ ಪ್ರಕರಣದಲ್ಲಿ ನನಗೆ ಮೆಚ್ಚುಗೆಯಾದ ಕ್ರಮ ಅದೇ: ಚಳವಳಿಯನ್ನು ಮುಟ್ಟಲಿಲ್ಲ, ಹಾರ್ನನ್ನು ಮುಟ್ಟಿತು. ಫೆಬ್ರವರಿ 14ರಂದು ಸರ್ಕಾರ ತುರ್ತುಪರಿಸ್ಥಿತಿ ಕಾಯ್ದೆಯನ್ನೇ ಹೊರತೆಗೆಯಿತು. ಮರುವರ್ಷ, ಆ ಕ್ರಮದ ವಿಚಾರಣೆ ನಡೆಸಿದ ನ್ಯಾಯಮೂರ್ತಿ ರೂಲೊ ಆಯೋಗವು ಪರಿಸ್ಥಿತಿ ಅದಕ್ಕೆ ಬೇಕಾದ ಮಟ್ಟ ತಲುಪಿತ್ತೆಂದು ಹಿಂಜರಿಕೆಯಿಂದಲೇ ಒಪ್ಪಿತು. 2024ರ ಜನವರಿಯಲ್ಲಿ ಫೆಡರಲ್ ಕೋರ್ಟ್‌ನ ನ್ಯಾಯಮೂರ್ತಿ ಮೋಸ್ಲಿ, ಆ ಕ್ರಮ ಸಮರ್ಥನೀಯವಾಗಿರಲಿಲ್ಲವೆಂದು ತೀರ್ಪಿತ್ತರು. ಸರ್ಕಾರ ಮೇಲ್ಮನವಿ ಹೂಡಿತು. ಕೃತ್ಯ ಎಸಗುವುದು ಸರ್ಕಾರವೂ ಆಗಬಹುದಾದ್ದರಿಂದ ಅದನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕಾಗುತ್ತದೆ.

ವಿದೇಶಿ ಹಸ್ತಕ್ಷೇಪ: ಪ್ರಭಾವ ಮತ್ತು ಕೈವಾಡ, ಗುಪ್ತಮಾಹಿತಿ ಮತ್ತು ಸಾಕ್ಷ್ಯ

ಇದು ಹೆಚ್ಚು ಗೋಜಲಿನ ಭಾಗ. ಯಾವುದೇ ದೇಶದ ರಾಯಭಾರಿ ಸಂಸದರನ್ನು ಊಟಕ್ಕೆ ಕರೆದು ತನ್ನ ದೇಶದ ವಾದವನ್ನು ಮಂಡಿಸಬಹುದು. ಅದು ಪ್ರಭಾವ, ರಾಜತಂತ್ರದ ದಿನನಿತ್ಯದ ಕೆಲಸ. ಅದೇ ಕೆಲಸವನ್ನು ಗುಟ್ಟಾಗಿ, ಮೋಸದಿಂದ ಅಥವಾ ಬೆದರಿಕೆಯಿಂದ ಮಾಡಿದರೆ ಹಸ್ತಕ್ಷೇಪವಾಗುತ್ತದೆ. 2024ರ ಜೂನ್ 20ರಂದು ಒಪ್ಪಿಗೆ ಪಡೆದ ಸಿ-70 ಮಸೂದೆ ಈ ವ್ಯತ್ಯಾಸದ ಮೇಲೆಯೇ ನಿಂತಿದೆ. ವಿದೇಶಿ ಸರ್ಕಾರದ ಪರವಾಗಿ, ಅದರೊಂದಿಗಿನ ಏರ್ಪಾಟಿನಡಿ, ಕೆನಡಾದ ರಾಜಕೀಯ ಪ್ರಕ್ರಿಯೆಯ ಮೇಲೆ ಪ್ರಭಾವ ಬೀರುವವರು ತಮ್ಮನ್ನು ಬಹಿರಂಗವಾಗಿ ನೋಂದಾಯಿಸಿಕೊಳ್ಳಬೇಕೆಂಬ ಪಟ್ಟಿಯ ವ್ಯವಸ್ಥೆಯನ್ನು ಅದು ಕಾನೂನಿನಲ್ಲಿ ತಂದಿತು. ವಿದೇಶಿ ಶಕ್ತಿಯ ಪರವಾಗಿ ಬೆದರಿಕೆ ಒಡ್ಡುವುದಕ್ಕೂ ಹಿಂಸೆ ಎಸಗುವುದಕ್ಕೂ ಜೀವಾವಧಿಯವರೆಗಿನ ಶಿಕ್ಷೆ ಇಟ್ಟಿತು. ಭಾರತದ ನೀತಿಯನ್ನು ಹೊಗಳಿ ಪತ್ರಿಕೆಗೆ ಬರೆಯುವ ಕನ್ನಡಿಗ ಈ ಕಾನೂನಿಗೆ ಸಿಕ್ಕಿಬೀಳುವುದಿಲ್ಲ. ಏರ್ಪಾಟು ಇರಬೇಕು, ಮರೆ ಇರಬೇಕು ಅಥವಾ ಬಲವಂತ ಇರಬೇಕು.

ಸುದ್ದಿ ಓದುವಾಗ ಎರಡನೆಯ ಜೋಡಿಯೇ ಹೆಚ್ಚು ಮೋಸಗೊಳಿಸುತ್ತದೆ. 'ಗುಪ್ತಚರ ಮಾಹಿತಿ ಇದೆ' ಎಂಬುದಕ್ಕೂ 'ಸಾಬೀತಾಗಿದೆ' ಎಂಬುದಕ್ಕೂ ಎಷ್ಟು ಅಂತರವೆಂಬುದನ್ನು 'ಕನಿಷ್ಕ' ವಿಮಾನ ಸ್ಫೋಟದಷ್ಟು ಕ್ರೂರವಾಗಿ ತಿಳಿಸುವ ಪ್ರಕರಣ ಇನ್ನೊಂದಿಲ್ಲ. 1985ರ ಜೂನ್ 23ರಂದು ಐರ್ಲೆಂಡ್ ಕರಾವಳಿಯಾಚೆ ಏರ್ ಇಂಡಿಯಾ 182 ವಿಮಾನ ಸ್ಫೋಟಗೊಂಡು 329 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಕೆನಡಾದ ಪ್ರಜೆಗಳು. ಶಂಕಿತರ ಮಾತುಕತೆಯ ಮುದ್ರಿಕೆಗಳು ಗುಪ್ತಚರ ಸಂಸ್ಥೆ ಸಿಎಸ್‌ಐಎಸ್ ಬಳಿ ಇದ್ದವು. ಅವುಗಳಲ್ಲಿ ಬಹುಪಾಲನ್ನು ಅದು ಅಳಿಸಿಹಾಕಿತು. ಮಾಹಿತಿ ಸಂಗ್ರಹಿಸುವುದು ತನ್ನ ಕೆಲಸ, ನ್ಯಾಯಾಲಯಕ್ಕೆ ಸಾಕ್ಷ್ಯ ಕೊಡುವುದು ಪೊಲೀಸರದು ಎಂಬ ಮನೋಭಾವ ಅದರ ಹಿಂದಿತ್ತು. 2005ರಲ್ಲಿ ಇಬ್ಬರು ಮುಖ್ಯ ಆರೋಪಿಗಳು ಖುಲಾಸೆಯಾದರು. ಒಬ್ಬನಿಗೆ ಮಾತ್ರ ಶಿಕ್ಷೆಯಾಯಿತು. ನ್ಯಾಯಮೂರ್ತಿ ಮೇಜರ್ ಅವರ 2010ರ ವರದಿ ಈ ವೈಫಲ್ಯಗಳನ್ನು ಪುಟಪುಟವಾಗಿ ಬಿಡಿಸಿಟ್ಟಿತು.

ಅದನ್ನು ನೆನಪಿಟ್ಟುಕೊಂಡು ಈಚಿನ ಸುದ್ದಿಗಳನ್ನು ಓದಬೇಕು. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಸರ್ರೆಯ ಗುರುದ್ವಾರದ ಹೊರಗೆ 2023ರ ಜೂನ್ 18ರಂದು ಖಾಲಿಸ್ತಾನ ಪರ ನಾಯಕ ಹರ್ದೀಪ್ ಸಿಂಗ್ ನಿಜ್ಜರ್ ಹತ್ಯೆಯಾಯಿತು. ಸೆಪ್ಟೆಂಬರ್ 18ರಂದು ಪ್ರಧಾನಿ ಜಸ್ಟಿನ್ ಟ್ರುಡೊ, ಭಾರತ ಸರ್ಕಾರದ ಪ್ರತಿನಿಧಿಗಳಿಗೂ ಹತ್ಯೆಗೂ ನಂಟಿರುವ 'ನಂಬಲರ್ಹ ಆರೋಪ'ಗಳನ್ನು ಪರಿಶೀಲಿಸಲಾಗುತ್ತಿದೆ ಎಂದು ಸಂಸತ್ತಿಗೆ ಹೇಳಿದರು. ಭಾರತ ಅದನ್ನು ಅಸಂಬದ್ಧವೆಂದು ತಳ್ಳಿಹಾಕಿತು. 2024ರ ಮೇ ತಿಂಗಳಲ್ಲಿ ಭಾರತೀಯ ಪ್ರಜೆಗಳ ಬಂಧನವಾಯಿತು. ಅಕ್ಟೋಬರ್ 14ರಂದು ಎರಡೂ ದೇಶಗಳು ಪರಸ್ಪರ ಆರಾರು ರಾಜತಾಂತ್ರಿಕರನ್ನು ಹೊರಹಾಕಿದವು. ಇವುಗಳಲ್ಲಿ ಯಾವುದು ಆರೋಪ, ಯಾವುದು ಬಂಧನ, ಯಾವುದು ರಾಜತಾಂತ್ರಿಕ ಸೇಡು ಎಂದು ಬೇರೆ ಬೇರೆಯಾಗಿ ಗುರುತಿಸಿಕೊಂಡರೆ ಸಾಕು; ಬೆಂಗಳೂರಿನ ಚಾನೆಲ್ಲಿನಲ್ಲಾಗಲಿ ಟೊರೊಂಟೊದ ಚಾನೆಲ್ಲಿನಲ್ಲಾಗಲಿ ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ.

ಇನ್ನೊಂದು ಪಾಠ 2024ರ ಜೂನ್‌ನದು. ಸಂಸದರ ರಾಷ್ಟ್ರೀಯ ಭದ್ರತಾ ಸಮಿತಿಯ ವರದಿಯು ಕೆಲವು ಸಂಸದರು ತಿಳಿದೋ ಅರೆ ತಿಳಿದೋ ವಿದೇಶಿ ಶಕ್ತಿಗಳಿಗೆ ನೆರವಾಗಿದ್ದಾರೆಂದು ಹೇಳಿದಾಗ 'ದೇಶದ್ರೋಹಿಗಳು' ಎಂಬ ಪದ ವಾರಗಟ್ಟಲೆ ಗಾಳಿಯಲ್ಲಿತ್ತು. ವಿದೇಶಿ ಹಸ್ತಕ್ಷೇಪದ ವಿಚಾರಣೆಗೆ ನೇಮಿಸಿದ್ದ ನ್ಯಾಯಮೂರ್ತಿ ಮರಿ-ಜೊಸೆ ಹೋಗ್ ಅವರ ಆಯೋಗ 2025ರ ಜನವರಿ 28ರ ಅಂತಿಮ ವರದಿಯಲ್ಲಿ, ಸಂಸತ್ತಿನಲ್ಲಿ ದ್ರೋಹಿಗಳಿರುವುದಕ್ಕೆ ಪುರಾವೆ ಕಾಣಲಿಲ್ಲ, ಆದರೆ ಕೆಲವರ ನಡತೆ ಕಳವಳಕಾರಿ ಎಂದಿತು. ಮೊದಲಿನ ವರದಿಯಲ್ಲಿ ಅವರು 2019 ಮತ್ತು 2021ರ ಚುನಾವಣೆಗಳಲ್ಲಿ ಹಸ್ತಕ್ಷೇಪ ನಡೆದದ್ದು ನಿಜ, ಯಾವ ಪಕ್ಷ ಸರ್ಕಾರ ರಚಿಸಿತು ಎಂಬುದು ಅದರಿಂದ ಬದಲಾಗಲಿಲ್ಲ ಎಂದಿದ್ದರು. ಚೀನಾ ಮೊದಲು, ಭಾರತ ಎರಡನೆಯದು ಎಂಬ ಕ್ರಮವೂ ಅವರ ಅಂತಿಮ ವರದಿಯದೇ. ಎರಡು ಸಾಲಿನ ಶೀರ್ಷಿಕೆಯನ್ನು ನೆಚ್ಚಿಕೊಳ್ಳುವ ಬದಲು ಆಯೋಗದ ವರದಿಯ ಸಾರಾಂಶವನ್ನು ಓದಿ; ಅದಕ್ಕೆ ಒಂದು ಸಂಜೆ ಸಾಕು.

ನಮ್ಮವರೇ ಆದಾಗ ಈ ಶಿಸ್ತನ್ನು ಕಾಯುವುದು ಕಷ್ಟ. ಸಿರಾ ತಾಲ್ಲೂಕಿನ ದ್ವಾರಾಳಿನಲ್ಲಿ ಹುಟ್ಟಿದ ಚಂದ್ರ ಆರ್ಯ ಅವರು 2022ರ ಮೇ ತಿಂಗಳಲ್ಲಿ ಕೆನಡಾ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತನಾಡಿದಾಗ ನಾವೆಲ್ಲ ಆ ವಿಡಿಯೊ ಹಂಚಿಕೊಂಡು ಬೀಗಿದೆವು. 2025ರ ಮಾರ್ಚ್‌ನಲ್ಲಿ ಲಿಬರಲ್ ಪಕ್ಷ ನೆಪಿಯನ್ ಕ್ಷೇತ್ರದಲ್ಲಿ ಅವರ ಅಭ್ಯರ್ಥಿತನವನ್ನು ಹಿಂತೆಗೆದುಕೊಂಡಿತು. ಭಾರತ ಸರ್ಕಾರದೊಂದಿಗಿನ ನಂಟಿನ ಆರೋಪವೇ ಕಾರಣವೆಂದು ಪತ್ರಿಕೆಯಲ್ಲಿ ಬಂತು. ಅವರು ಅದನ್ನು ನಿರಾಕರಿಸಿದರು. ಯಾವ ನ್ಯಾಯಾಲಯದಲ್ಲೂ ಸಾಬೀತಾಗದ ಆರೋಪ ಅದು. ಕನ್ನಡಿಗರೆಂಬ ಕಾರಣಕ್ಕೆ ನಿರ್ದೋಷಿ ಎನ್ನುವುದೂ, ಪಕ್ಷ ಕೈಬಿಟ್ಟಿತೆಂಬ ಕಾರಣಕ್ಕೆ ದೋಷಿ ಎನ್ನುವುದೂ ಒಂದೇ ಬಗೆಯ ತಪ್ಪು.

ಕೈಗೆ ಬರುವ ಅರ್ಜಿ, ಫೋನಿಗೆ ಬರುವ ವಿಡಿಯೊ

ಒಮ್ಮೆ ರಾಜ್ಯೋತ್ಸವದ ದಿನ, ಬಾಡಿಗೆಗೆ ಹಿಡಿದ ಶಾಲೆಯ ಸಭಾಂಗಣದಲ್ಲಿ ಚಿತ್ರಾನ್ನದ ಸಾಲಿನಲ್ಲಿ ನಿಂತಿದ್ದೆ. ಟ್ಯಾಬ್ ಹಿಡಿದ ಹುಡುಗನೊಬ್ಬ ಹತ್ತಿರ ಬಂದು, "ಅಂಕಲ್, ಬರೀ ಹೆಸರು, ಅಡ್ರೆಸ್ ಅಷ್ಟೇ. ದುಡ್ಡು ನಾವೇ ಕಟ್ತೀವಿ" ಎಂದ. ಪಕ್ಷವೊಂದರ ಸದಸ್ಯತ್ವದ ಅರ್ಜಿ ಅದು. ಪ್ಲೇಟು ಒಂದು ಕೈಯಲ್ಲಿ, ಟ್ಯಾಬ್ ಇನ್ನೊಂದು ಕೈಯಲ್ಲಿ. ಹಿಂದಿನವರು ಮುಂದೆ ಹೋಗಿ ಎನ್ನುತ್ತಿದ್ದರು. ಯಾವ ಅಭ್ಯರ್ಥಿಗಾಗಿ ಎಂದು ಕೇಳಿದ್ದಕ್ಕೆ ಅವನಿಗೇ ಸರಿಯಾಗಿ ಗೊತ್ತಿರಲಿಲ್ಲ.

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೆನಡಾದ ಅನೇಕ ಕ್ಷೇತ್ರಗಳಲ್ಲಿ ನಿಜವಾದ ಸ್ಪರ್ಧೆ ನಡೆಯುವುದು ಪಕ್ಷದೊಳಗಿನ ಅಭ್ಯರ್ಥಿ ಆಯ್ಕೆಯಲ್ಲಿ; ಕೆಲವು ನೂರು ಸದಸ್ಯರ ಮತದಿಂದ ಅದು ತೀರ್ಮಾನವಾಗುತ್ತದೆ. 2019ರಲ್ಲಿ ಟೊರೊಂಟೊದ ಡಾನ್ ವ್ಯಾಲಿ ನಾರ್ತ್ ಕ್ಷೇತ್ರದ ಲಿಬರಲ್ ಆಯ್ಕೆಗೆ ವಿದೇಶಿ ವಿದ್ಯಾರ್ಥಿಗಳನ್ನು ಬಸ್ಸಿನಲ್ಲಿ ಕರೆತಂದದ್ದು ಹೋಗ್ ಆಯೋಗದ ಮುಂದೆ ದೊಡ್ಡ ಚರ್ಚೆಯಾಯಿತು. ಆಗ ಆ ಪಕ್ಷದಲ್ಲಿ 14 ತುಂಬಿದ, ಅಲ್ಲಿ ವಾಸಿಸುವ ಯಾರಾದರೂ ಮತ ಹಾಕಬಹುದಿತ್ತು. 2025ರ ನಾಯಕತ್ವದ ಚುನಾವಣೆಯ ಹೊತ್ತಿಗೆ ಪ್ರಜೆಗಳು ಮತ್ತು ಪಿಆರ್ (ಕಾಯಂ ನಿವಾಸದ ಅನುಮತಿ) ಇರುವವರು ಮುಂತಾದವರಿಗಷ್ಟೇ ಎಂದು ನಿಯಮ ಬಿಗಿಯಾಯಿತು. ಆದ್ದರಿಂದ ಅರ್ಜಿ ಬಂದಾಗ ಪಕ್ಷ ಯಾವುದು, ಅಭ್ಯರ್ಥಿ ಯಾರು, ತಾನು ಅರ್ಹನೇ ಎಂದು ಕೇಳಿ. ಶುಲ್ಕವಿದ್ದರೆ ಅದನ್ನು ನಿಮ್ಮ ಕೈಯಿಂದಲೇ ಕಟ್ಟಿ. ಬೇರೆಯವರು ಕಟ್ಟುತ್ತೇವೆಂದರೆ ಅಲ್ಲೇ ನಿಲ್ಲಿಸಿ. ರಾಜಕೀಯದಲ್ಲಿ ತೊಡಗುವುದು ಒಳ್ಳೆಯದೇ. ಯಾರದೋ ಲೆಕ್ಕಕ್ಕೆ ತಲೆಯೆಣಿಕೆಯಾಗುವುದು ಬೇಡ.

ವಿಡಿಯೊಗಳ ವಿಷಯದಲ್ಲಿ ನಮ್ಮ ವಾಟ್ಸ್ಆ್ಯಪ್ ಗುಂಪುಗಳು ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವು. ಹಂಚುವ ಮೊದಲು ಜಾಗ, ದಿನಾಂಕ, ತುಣುಕು ಎಲ್ಲಿಂದ ಶುರುವಾಗುತ್ತದೆ ಎಂಬ ಮೂರನ್ನು ನೋಡಿ. ಮೊದಲ ಏಟಿನ ನಂತರ ಶುರುವಾಗುವ ವಿಡಿಯೊದಿಂದ ಮೊದಲ ಏಟು ಯಾರದೆಂದು ತಿಳಿಯುವುದಿಲ್ಲ. ಪೀಲ್ ವಲಯದ ಘಟನೆಯಾದರೆ ಪೀಲ್ ಪೊಲೀಸರ ಪ್ರಕಟಣೆ ಸಾಮಾನ್ಯವಾಗಿ ಅದೇ ದಿನವೋ ಮರುದಿನವೋ ಬರುತ್ತದೆ. ಊರಿನ ಹಿರಿಯರಿಗೆ ಉದ್ದುದ್ದ ವಿವರಣೆಗಿಂತ ನಿಮ್ಮ ಬೀದಿಯ ಒಂದು ಫೋಟೊ ಹೆಚ್ಚು ಧೈರ್ಯ ಕೊಡುತ್ತದೆ. ಅತ್ತಿಗೆಗೆ ಕೊನೆಗೆ ಸಮಾಧಾನವಾದದ್ದು ದೇವಸ್ಥಾನದ ಪಾರ್ಕಿಂಗಿನಲ್ಲಿ ತೆಗೆದ ಚಿತ್ರದಿಂದ.

ಬೆದರಿಕೆ ನಿಮಗೇ ಬಂದರೆ

ತಕ್ಷಣದ ಅಪಾಯವಿದ್ದರೆ 911. ಇಲ್ಲದಿದ್ದರೆ ಮೊದಲು ಸ್ಥಳೀಯ ಪೊಲೀಸರಿಗೆ ದೂರು ಕೊಟ್ಟು ದೂರಿನ ಸಂಖ್ಯೆ ಪಡೆಯಿರಿ. ಬೆದರಿಕೆಯ ಹಿಂದೆ ಯಾವುದೇ ಸರ್ಕಾರದ ಕೈ ಇದೆಯೆಂದು ಅನ್ನಿಸಿದರೆ ಕೆನಡಾದ ರಾಷ್ಟ್ರೀಯ ಪೊಲೀಸ್ ಪಡೆಯಾದ ಆರ್‌ಸಿಎಂಪಿ ಮತ್ತು ಸಿಎಸ್‌ಐಎಸ್ ಎರಡಕ್ಕೂ ಮಾಹಿತಿ ಕೊಡುವ ದಾರಿ ಅವರವರ ಜಾಲತಾಣಗಳಲ್ಲಿದೆ. ಚುನಾವಣೆಗೆ ಸಂಬಂಧಿಸಿದ್ದಾದರೆ ಕೆನಡಾ ಚುನಾವಣಾ ಕಮಿಷನರ್ ಕಚೇರಿಗೆ. ಸಂದೇಶವನ್ನು ಅಳಿಸದೆ, ಕಳುಹಿಸಿದವರ ನಂಬರು, ಗಂಟೆ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಕರೆಯಾದರೆ ಫೋನ್ ಇಟ್ಟ ಕೂಡಲೇ ಕೇಳಿದ ಮಾತುಗಳನ್ನು ಕೇಳಿದ ಭಾಷೆಯಲ್ಲೇ ಬರೆದಿಡಿ. ಕನ್ನಡದಲ್ಲೋ ಹಿಂದಿಯಲ್ಲೋ ಆಡಿದ ಬೆದರಿಕೆಯನ್ನು ನೀವೇ ಇಂಗ್ಲಿಷಿಗೆ ಮಾಡಿ ಮೂಲವನ್ನು ಕಳೆದುಕೊಂಡರೆ ಮುಂದೆ ಯಾರೂ ಅದನ್ನು ತೂಗಿ ನೋಡಲಾರರು.

ಬೆದರಿಕೆ ಇಲ್ಲಿನ ನಿಮಗಲ್ಲದೆ ಊರಿನಲ್ಲಿರುವ ತಂದೆತಾಯಿಗೆ ಹೋಗಿದ್ದರೆ, ಯಾರೋ ಮನೆ ಬಾಗಿಲಿಗೆ ಬಂದು "ನಿಮ್ಮ ಮಗ ಅಲ್ಲಿ ಏನು ಮಾಡ್ತಿದ್ದಾನೆ ಗೊತ್ತಾ" ಎಂದು ಕೇಳಿದ್ದರೆ, ಅದನ್ನು ಪ್ರತ್ಯೇಕ ಕಾಗದದಲ್ಲಿ ದಿನಾಂಕ ಸಹಿತ ಬರೆಯಿರಿ. ಬಂದವರು ಎಷ್ಟು ಜನ, ತಾವು ಯಾರೆಂದು ಹೇಳಿಕೊಂಡರು, ನಿಮ್ಮ ಬಗ್ಗೆ ಅವರಿಗೆ ತಿಳಿದಿದ್ದ ಸಂಗತಿ ಯಾವುದು ಎಂಬುದನ್ನು ತಂದೆತಾಯಿಯ ಮಾತಿನಲ್ಲೇ ಬರೆಸಿಕೊಳ್ಳಿ. ಕುಟುಂಬವನ್ನು ಹಿಡಿದು ದೂರದಲ್ಲಿರುವವರ ಬಾಯಿ ಕಟ್ಟಿಸುವುದನ್ನು ಕೆನಡಾದ ತನಿಖಾ ಸಂಸ್ಥೆಗಳು ಹಸ್ತಕ್ಷೇಪದ ಗಂಭೀರ ಲಕ್ಷಣವೆಂದು ಎಣಿಸುತ್ತವೆ. ದೂರು ಕೊಡುವಾಗ ಆ ಕಾಗದವನ್ನು ಮೇಲಿಡಿ.